ಪಾಪರ್ ಚೀಟಿಯೂ ವಾಸದ ಮನೆಯೂ

ಚಾರ್ಲ್ಸ್ ಡಿಕನ್ಸನ ಕಾದಂಬರಿಗಳನ್ನು ಓದಿದ ವಿದ್ಯಾರ್ಥಿಗಳಿಗೆ ಲಂಡನ್ನಿನ ಮಾರ್ಷಲ್‌ಸೀ ಸೆರೆಮನೆಯ ಹೆಸರು ಹೊಸದಲ್ಲ. ಸಾಲ ತೀರಿಸಲಾರದವರನ್ನು ಕೂಡಿಹಾಕುತ್ತಿದ್ದ ಬಂದೀಖಾನೆ ಅದು. 1824ರಲ್ಲಿ ಡಿಕನ್ಸನ ತಂದೆಯೇ ಅಲ್ಲಿ ಕೆಲವು ತಿಂಗಳು ಇದ್ದನು. ತಾಯಿಯೂ ಚಿಕ್ಕ ಮಕ್ಕಳೂ ಬೇರೆ ಗತಿಯಿಲ್ಲದೆ ಅವನ ಜೊತೆಯಲ್ಲಿಯೇ ಸೆರೆಮನೆಯೊಳಗೆ ಸಂಸಾರ ಹೂಡಿದರು. ಹನ್ನೆರಡು ವರ್ಷದ ಹುಡುಗ ಡಿಕನ್ಸ್ ಬೂಟಿನ ಮಸಿ ತಯಾರಿಸುವ ಕಾರ್ಖಾನೆಯಲ್ಲಿ ಭರಣಿಗಳಿಗೆ ಚೀಟಿ ಅಂಟಿಸುತ್ತಿದ್ದನು. 1869ರ ಕಾಯಿದೆಯಿಂದ ಸಾಲಕ್ಕಾಗಿ ಸೆರೆಗೆ ಹಾಕುವ ಪದ್ಧತಿ ಆ ದೇಶದಲ್ಲಿ ಬಹುಮಟ್ಟಿಗೆ ನಿಂತಿತು. ಈಗ ಅಲ್ಲಿ ಹಿಡಿಯುವುದು ಸಾಲಗಾರನ ದೇಹವನ್ನಲ್ಲ, ಅವನ ಆಸ್ತಿಯನ್ನು. ಸಾಮಾನ್ಯ ಮನುಷ್ಯನಿಗೆ ಆಸ್ತಿಯೆಂದರೆ ಮುಖ್ಯವಾಗಿ ಮನೆ. ಆ ಮನೆಯಲ್ಲಿ ಅವನೊಬ್ಬನೇ ಇರುವುದಿಲ್ಲವಲ್ಲ! ಇರುವ ಇನ್ನೊಬ್ಬರ ಗತಿ ಏನು ಎಂಬುದೇ ಈ ಲೇಖನದ ವಿಷಯ.

ಇದನ್ನು ನಾನು ಕುತೂಹಲಕ್ಕಾಗಿ ಅಭ್ಯಾಸ ಮಾಡಿದವನಲ್ಲ. ನಮ್ಮ ಕಾಲೇಜಿನಲ್ಲಿ ಓದಿ, ಆಮೇಲೆ ದಾದಿಯರ ತರಬೇತಿ ಪಡೆದು, ಇಂಗ್ಲೆಂಡಿನ ಉತ್ತರಭಾಗದ ಒಂದು ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಹಳೆಯ ವಿದ್ಯಾರ್ಥಿನಿಯೊಬ್ಬಳು 2022ರಲ್ಲಿ ನನಗೆ ಒಂದು ಕಾಗದ ಬರೆದಳು. ಆಕೆ ಅಲ್ಲಿ ಕಟ್ಟಡದ ಗುತ್ತಿಗೆ ಮಾಡುವ ಒಬ್ಬನೊಡನೆ ಮದುವೆಯಿಲ್ಲದೆ ಕೂಡಿ ಬಾಳುತ್ತಿದ್ದಾಳೆ. ಆರು ವರ್ಷದ ಮಗಳಿದ್ದಾಳೆ. ಊರಿನಲ್ಲಿ ಇದನ್ನು ಯಾರಿಗೂ ಹೇಳಿಲ್ಲವೆಂದೂ, ಮೇಷ್ಟರಾದ ನನಗೆ ಹೇಳಬಹುದೆಂದು ತೋರಿತೆಂದೂ ಬರೆದಿದ್ದಳು. ಆತನ ವ್ಯಾಪಾರ ಮುಳುಗಿತ್ತು. ಮರದ ಸಾಮಾನು ಒದಗಿಸಿದ ವರ್ತಕನು ಅವನನ್ನು ದಿವಾಳಿ ಎಂದು ಸಾರಬೇಕೆಂದು ನ್ಯಾಯಾಲಯಕ್ಕೆ ಅರ್ಜಿ ಹಾಕುವುದಾಗಿ ನೋಟೀಸು ಕೊಟ್ಟಿದ್ದನು. ಕಾಗದದ ಕೊನೆಯಲ್ಲಿ ಎರಡೇ ಪ್ರಶ್ನೆ: “ಸರ್, ಮನೆ ಹೋಗುತ್ತದೆಯೆ? ಅವರ ಪಾಲನ್ನು ಈಗಲೇ ನನ್ನ ಹೆಸರಿಗೆ ಬರೆಸಿಕೊಂಡರೆ ಉಳಿಯುತ್ತದೆಯೆ?”

ನಾನು ರಾಜ್ಯಶಾಸ್ತ್ರದ ಅಧ್ಯಾಪಕ. ಕಾನೂನು ಓದಿದ್ದೇನೆ, ವಕೀಲಿ ಮಾಡಿದವನಲ್ಲ. ಆದುದರಿಂದ ಮೊದಲು ಅಲ್ಲಿಯ ಒಬ್ಬ ಸಾಲಿಸಿಟರನ್ನು ಕಾಣು ಎಂದು ಬರೆದೆ. ಆದರೂ ಮನಸ್ಸು ತಡೆಯದೆ ಪುಸ್ತಕಗಳನ್ನು ತೆಗೆದು ಕುಳಿತೆ. ಕೆಳಗಿನದೆಲ್ಲ ಇಂಗ್ಲೆಂಡು ಮತ್ತು ವೇಲ್ಸಿಗೆ ಸಂಬಂಧಿಸಿದ್ದು. ಸ್ಕಾಟ್ಲೆಂಡಿನ ಕಾನೂನು ಬೇರೆ.

ಮೊದಲು ಪಾಪರ್ ಎಂಬ ಮಾತು. ಇಂಗ್ಲಿಷಿನಲ್ಲಿ ಇದಕ್ಕೆ ಬಡವ ಎಂದಷ್ಟೇ ಅರ್ಥ. ನಮ್ಮ ಜನ ಅದನ್ನು ದಿವಾಳಿಯೆದ್ದವನಿಗೆ ಹಚ್ಚಿ, ‘ಪಾಪರ್ ಚೀಟಿ ತೆಗೆದ’ ಎಂದು ಹೇಳುವುದುಂಟು. ಬಡತನ ಬೇರೆ, ದಿವಾಳಿ ಬೇರೆ. ದಿವಾಳಿಯೆಂಬುದು ಒಂದು ಕಾನೂನಿನ ಸ್ಥಿತಿ. ಅಲ್ಲಿ 1986ರ ಇನ್‌ಸಾಲ್ವೆನ್ಸಿ ಕಾಯಿದೆ ಇದನ್ನು ನಿಯಂತ್ರಿಸುತ್ತದೆ. 5,000 ಪೌಂಡಿಗೆ ಕಡಿಮೆಯಿಲ್ಲದ ಸಾಲ ಬರಬೇಕಾದವನು ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಸಾಲಗಾರ ತಾನಾಗಿಯೂ ದಿವಾಳಿತನವನ್ನು ಕೇಳಿಕೊಳ್ಳಬಹುದು. ಆಜ್ಞೆಯಾದ ಮೇಲೆ ಅವನ ಆಸ್ತಿಯೆಲ್ಲ ಒಬ್ಬ ಟ್ರಸ್ಟಿಯ ವಶಕ್ಕೆ ಹೋಗುತ್ತದೆ. ಕಸಬಿನ ಉಪಕರಣಗಳು, ಬಟ್ಟೆಬರೆ, ಹಾಸಿಗೆ, ಸಂಸಾರಕ್ಕೆ ಅಗತ್ಯವಾದ ಸಾಮಾನು ಇಷ್ಟನ್ನು ಬಿಡುತ್ತಾರೆ. ಮನೆಯನ್ನು ಬಿಡುವುದಿಲ್ಲ.

ಇಲ್ಲಿ ನಮ್ಮ ದೇಶದ ಮಾತೊಂದನ್ನು ಹೇಳಿದರೆ ತಪ್ಪಾಗಲಾರದು. ನಮ್ಮ ಸಿವಿಲ್ ಪ್ರೊಸೀಜರ್ ಕೋಡಿನ 60ನೆಯ ಪ್ರಕರಣವು ಬೇಸಾಯಗಾರ, ಕೂಲಿಗಾರ, ಮನೆಗೆಲಸದವನು ಇವರು ತಾವು ವಾಸಿಸುವ ಸ್ವಂತ ಮನೆಯನ್ನು ಜಪ್ತಿಯಿಂದ ಉಳಿಸಿದೆ. 1920ರ ಪ್ರಾಂತೀಯ ಇನ್‌ಸಾಲ್ವೆನ್ಸಿ ಕಾಯಿದೆಯೂ ಅಂಥ ಆಸ್ತಿಯನ್ನು ದಿವಾಳಿಯ ಆಸ್ತಿಯೊಳಗೆ ಸೇರಿಸುವುದಿಲ್ಲ. ನಮ್ಮ ಕಾಲೇಜಿನ ಬಹುಪಾಲು ವಿದ್ಯಾರ್ಥಿಗಳು ರೈತರ ಮಕ್ಕಳಾದ್ದರಿಂದ ಇದು ತಿಳಿದಿರತಕ್ಕ ಸಂಗತಿ. ಇಂಗ್ಲೆಂಡಿನಲ್ಲಿ ಅಂಥ ರಕ್ಷಣೆಯಿಲ್ಲ.

ಈಗ ಮುಖ್ಯವಾದ ತತ್ತ್ವಕ್ಕೆ ಬರೋಣ. ಟ್ರಸ್ಟಿಯು ದಿವಾಳಿಯೆದ್ದವನ ಪಾದರಕ್ಷೆಯಲ್ಲಿ ನಿಲ್ಲತಕ್ಕವನು. ಅವನಿಗೆ ಇದ್ದಷ್ಟೇ ಹಕ್ಕು ಇವನಿಗೆ ಬರುತ್ತದೆ, ಒಂದು ಕಾಸೂ ಹೆಚ್ಚಿಲ್ಲ. ಮನೆಯಲ್ಲಿ ಸಂಗಾತಿಗೆ ಸೇರಿದ ಪಾಲನ್ನು ಅವನು ಮುಟ್ಟುವಂತಿಲ್ಲ. ಹಾಗಾದರೆ ‘ಮನೆ ಹೋಗುತ್ತದೆಯೆ?’ ಎಂಬ ಪ್ರಶ್ನೆ ಎರಡಾಗಿ ಒಡೆಯುತ್ತದೆ. ಮನೆಯಲ್ಲಿ ಯಾರ ಪಾಲು ಎಷ್ಟು? ಆತನ ಪಾಲನ್ನು ಹಣಮಾಡಿಕೊಳ್ಳುವುದಕ್ಕಾಗಿ ಇಡೀ ಮನೆಯನ್ನು ಮಾರಿಸುವ ಅಧಿಕಾರ ಟ್ರಸ್ಟಿಗೆ ಇದೆಯೆ?

ಪಾಲಿನ ಪ್ರಶ್ನೆಗೆ ಉತ್ತರ ಹೇಳುವುದು ಮದುವೆಯಾದವರಿಗಿಂತ ಆಗದವರಿಗೆ ಕಷ್ಟ. ಬಹುಕಾಲ ಒಟ್ಟಿಗೆ ಬಾಳಿದರೆ ಕಾನೂನು ಅವರನ್ನು ಗಂಡಹೆಂಡಿರೆಂದೇ ಎಣಿಸುತ್ತದೆ ಎಂಬ ನಂಬಿಕೆ ಇಂಗ್ಲಿಷ್ ಜನರಲ್ಲಿ ಬಲವಾಗಿದೆ. ಅದು ಬರಿಯ ಭ್ರಮೆ. 1753ರ ಲಾರ್ಡ್ ಹಾರ್ಡ್‌ವಿಕ್‌ನ ವಿವಾಹ ಕಾಯಿದೆಯಾದಂದಿನಿಂದ ವಿಧಿವತ್ತಾಗಿ ಮದುವೆಯಾಗದವರಿಗೆ ಆ ದೇಶದಲ್ಲಿ ದಂಪತಿಗಳ ಸ್ಥಾನವಿಲ್ಲ. ವಿಚ್ಛೇದನದಲ್ಲಿ ನ್ಯಾಯಾಲಯವು ಗಂಡನ ಮನೆಯನ್ನು ಹೆಂಡತಿಗೆ ಕೊಡಿಸಬಲ್ಲದು. ಸಂಗಾತಿಯ ವಿಷಯದಲ್ಲಿ ಆ ಅಧಿಕಾರವಿಲ್ಲ. ಇಲ್ಲಿ ನಡೆಯುವುದು ಕುಟುಂಬದ ಕಾನೂನಲ್ಲ. ಆಸ್ತಿಯ ಮತ್ತು ಟ್ರಸ್ಟಿನ ಕಾನೂನು. ಮನೆ ಯಾರ ಹೆಸರಿನಲ್ಲಿದೆಯೋ ಅವರು ಕಾಗದದ ಒಡೆಯರು. ಆದರೆ ಅದರ ಫಲ ಯಾರಿಗೆ, ಎಷ್ಟು ಎಂಬುದನ್ನು ಈಕ್ವಿಟಿ ಬೇರೆಯಾಗಿ ವಿಚಾರಿಸುತ್ತದೆ.

ಈಕ್ವಿಟಿಯ ಕೈ ಎಷ್ಟು ಗಿಡ್ಡವಾಗಿರಬಹುದು ಎಂಬುದಕ್ಕೆ ಬರ್ನ್ಸ್ ವಿರುದ್ಧ ಬರ್ನ್ಸ್ ಎಂಬ ಮೊಕದ್ದಮೆಯನ್ನು ನೋಡಬೇಕು. ಆ ಹೆಂಗಸು ಒಬ್ಬನೊಡನೆ 19 ವರ್ಷ ಬಾಳಿದಳು, ಅವನ ಹೆಸರನ್ನೇ ಇಟ್ಟುಕೊಂಡಳು, ಎರಡು ಮಕ್ಕಳನ್ನು ಸಾಕಿದಳು, ತನ್ನ ಸಂಬಳದಿಂದ ಮನೆಯ ಖರ್ಚನ್ನು ನಡೆಸಿದಳು, ಗೋಡೆಗೆ ಬಣ್ಣ ಬಳಿದಳು. ಮನೆ ಇದ್ದದ್ದು ಅವನೊಬ್ಬನ ಹೆಸರಿನಲ್ಲಿ. ಆಕೆ ಕೊಳ್ಳುವಾಗ ಹಣ ಹಾಕಿರಲಿಲ್ಲ, ಅಡಮಾನದ ಕಂತನ್ನೂ ಕಟ್ಟಿರಲಿಲ್ಲ. 1983ರಲ್ಲಿ ಅಪೀಲು ನ್ಯಾಯಾಲಯ ಆಕೆಗೆ ಮನೆಯಲ್ಲಿ ಏನೂ ಪಾಲಿಲ್ಲವೆಂದು ತೀರ್ಮಾನಿಸಿತು. ಇದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ವಿದ್ಯಾರ್ಥಿನಿಯರ ಮುಖ ಬಿಗಿಯುವುದನ್ನು ಕಂಡಿದ್ದೇನೆ, ಬಿಗಿಯತಕ್ಕದ್ದೇ. ಈಚಿನ ತೀರ್ಪುಗಳು ಈ ಕಾಠಿಣ್ಯವನ್ನು ಸ್ವಲ್ಪ ಸಡಿಲಿಸಿ, ಇಬ್ಬರ ಒಟ್ಟು ನಡವಳಿಕೆಯನ್ನು ನೋಡಿ ಅವರ ಸಮಾನ ಉದ್ದೇಶವೇನಿತ್ತೆಂದು ಊಹಿಸಲು ಎಡೆಕೊಟ್ಟಿವೆ. ಆದರೂ ಹೆಸರಿಲ್ಲದವಳು ರುಜುವಾತಿನ ಹೊರೆಯನ್ನು ತಾನೇ ಹೊರಬೇಕು. ಕಂತು ಕಟ್ಟಿದ ಬ್ಯಾಂಕಿನ ಲೆಕ್ಕ, ಮಾತಾಡಿಕೊಂಡದ್ದಕ್ಕೆ ಕಾಗದಪತ್ರ ಇವು ಅವಳ ಕೈಯಲ್ಲಿದ್ದರೆ ಮಾತು ನಡೆಯುತ್ತದೆ.

ಮನೆ ಇಬ್ಬರ ಹೆಸರಿನಲ್ಲಿದ್ದರೆ? ಸ್ಟಾಕ್ ವಿರುದ್ಧ ಡೌಡನ್ ಎಂಬ ಪ್ರಕರಣದಲ್ಲಿ 2007ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದಿಷ್ಟು: ಪತ್ರದಲ್ಲಿ ಪಾಲಿನ ಮಾತನ್ನು ಬರೆಯದಿದ್ದರೆ ಇಬ್ಬರಿಗೂ ಸಮಪಾಲು ಎಂದು ಆರಂಭಿಸಬೇಕು, ಅಲ್ಲವೆನ್ನುವವರು ಅದನ್ನು ತೋರಿಸಬೇಕು. ಆ ಮೊಕದ್ದಮೆಯಲ್ಲಿ ಹೆಂಗಸು ಹೆಚ್ಚು ಹಣ ಹಾಕಿದ್ದಳು, ಇಬ್ಬರೂ ತಮ್ಮ ಲೆಕ್ಕಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಂಡಿದ್ದರು. ಆಕೆಗೆ ನೂರಕ್ಕೆ 65 ಬಂತು. 2011ರ ಜೋನ್ಸ್ ವಿರುದ್ಧ ಕರ್ನಾಟ್ ಪ್ರಕರಣ ಇದಕ್ಕಿಂತ ಸ್ವಾರಸ್ಯವಾದದ್ದು. 1985ರಲ್ಲಿ 30,000 ಪೌಂಡಿಗೆ ಕೊಂಡ ಮನೆ. ಮುಂಗಡದ 6,000 ಪೌಂಡು ಹೆಂಗಸು ತನ್ನ ಗಾಡಿಮನೆಯನ್ನು ಮಾರಿ ತಂದದ್ದು. 1993ರಲ್ಲಿ ಗಂಡಸು ಮನೆಬಿಟ್ಟನು. ಆಮೇಲಿನ ಕಂತುಗಳನ್ನೆಲ್ಲ ಆಕೆಯೇ ಕಟ್ಟಿದಳು. ಆರಂಭದಲ್ಲಿ ಸಮಪಾಲಿದ್ದರೂ ಅವರ ಉದ್ದೇಶ ಕಾಲಕ್ರಮದಲ್ಲಿ ಬದಲಾಯಿತೆಂದು ಹೇಳಿ ಸುಪ್ರೀಂ ಕೋರ್ಟು ಆಕೆಗೆ ನೂರಕ್ಕೆ 90ನ್ನು ಕೊಟ್ಟಿತು. ಇವೆರಡೂ ದಿವಾಳಿಯ ಮೊಕದ್ದಮೆಗಳಲ್ಲ, ಬೇರ್ಪಟ್ಟವರ ಮೊಕದ್ದಮೆಗಳು. ಆದರೆ ದಿವಾಳಿಯಲ್ಲಿ ಟ್ರಸ್ಟಿ ಎದುರಿಗೆ ಕುಳಿತಾಗ ಅಳತೆಗೋಲು ಇದೇ.

ಆದರೆ ಈ ಉದಾರ ವಿಚಾರಣೆಯೆಲ್ಲ ಒಂದು ಬಾಗಿಲ ಹೊರಗೆ ನಿಂತುಬಿಡುತ್ತದೆ. ಪತ್ರದಲ್ಲಿಯೇ ಪಾಲನ್ನು ಸ್ಪಷ್ಟವಾಗಿ ಬರೆದಿದ್ದರೆ ಅದೇ ಕಟ್ಟಕಡೆಯ ಮಾತು. ಮೋಸವನ್ನೋ ತಪ್ಪನ್ನೋ ಸಾಧಿಸದ ಹೊರತು ಅಥವಾ ಆಮೇಲೆ ಬೇರೆ ಒಪ್ಪಂದವಾಗದ ಹೊರತು ಯಾರು ಎಷ್ಟು ಹಣ ಹಾಕಿದರೆಂದು ಕೇಳುವವರಿಲ್ಲ. ಗುಡ್‌ಮನ್ ವಿರುದ್ಧ ಗ್ಯಾಲಂಟ್ ಎಂಬ ಅಪೀಲಿನಿಂದ ಇದು ನೆಲೆನಿಂತ ನಿಯಮ. ಅಲ್ಲಿ ಮನೆಯನ್ನು ವರ್ಗಮಾಡುವ ಅಚ್ಚಿನ ನಮೂನೆಯೊಂದಿದೆ. ಅದರ ಹತ್ತನೆಯ ಅಂಕಣದಲ್ಲಿ ಮೂರು ಚೌಕಗಳು. ಮೊದಲನೆಯದು ಜಾಯಿಂಟ್ ಟೆನೆಂಟರೆಂದು, ಎಂದರೆ ಇಬ್ಬರೂ ಕೂಡಿ ಇಡಿಯಾಗಿ ಒಡೆಯರು, ಒಬ್ಬರು ಸತ್ತರೆ ಉಳಿದವರಿಗೆ ಎಲ್ಲವೂ. ಎರಡನೆಯದು ಸಮನಾದ ಬೇರೆಬೇರೆ ಪಾಲು. ಮೂರನೆಯದರ ಮುಂದೆ ಖಾಲಿ ಜಾಗ, ತಮಗೆ ಬೇಕಾದ ಪಾಲನ್ನು ಬರೆದುಕೊಳ್ಳುವುದಕ್ಕೆ. ದಿವಾಳಿಯಾದೊಡನೆ ಮೊದಲನೆಯ ಬಗೆಯ ಒಡೆತನ ಕತ್ತರಿಸಿಹೋಗಿ ಎರಡು ಅರ್ಧಗಳಾಗುತ್ತದೆ. ಒಂದು ಅರ್ಧ ಟ್ರಸ್ಟಿಗೆ.

‘ನೀನು ಯಾವ ಚೌಕಕ್ಕೆ ಗುರುತು ಹಾಕಿದೆ?’ ಎಂದು ನಾನು ಕೇಳಿ ಬರೆದೆ. ಹತ್ತು ದಿನದ ಮೇಲೆ ಉತ್ತರ ಬಂತು. ಮೊದಲನೆಯದಕ್ಕೆ. “ಪ್ರೀತಿಯಿದ್ದಮೇಲೆ ಲೆಕ್ಕ ಯಾಕೆ ಎಂದು ಹಾಕಿದೆ ಸರ್” ಎಂದು ಬರೆದಿದ್ದಳು.

ಲೆಕ್ಕವನ್ನು ನೋಡೋಣ. 2016ರಲ್ಲಿ ಮನೆಯ ಬೆಲೆ 2,00,000 ಪೌಂಡು. ಅದರಲ್ಲಿ 50,000 ಆಕೆ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿ ಉಳಿಸಿದ್ದು. ಉಳಿದ 1,50,000 ಇಬ್ಬರ ಹೆಸರಿನ ಅಡಮಾನ ಸಾಲ. 2022ರಲ್ಲಿ ಬೆಲೆ 2,60,000, ಅಡಮಾನದಲ್ಲಿ ಉಳಿದದ್ದು 1,40,000. ವ್ಯತ್ಯಾಸ 1,20,000. ಚೌಕದ ಗುರುತಿನಿಂದಾಗಿ ಅದರ ಅರ್ಧ, 60,000, ಟ್ರಸ್ಟಿಗೆ ಸಲ್ಲಬೇಕು. ಮೂರನೆಯ ಚೌಕದಲ್ಲಿ ‘ಮೊದಲ 50,000 ಆಕೆಗೆ, ಮಿಕ್ಕದ್ದು ಸಮಪಾಲು’ ಎಂದು ಒಂದು ಸಾಲು ಬರೆದಿದ್ದರೆ ಆತನ ಪಾಲು 35,000 ಮಾತ್ರ ಆಗುತ್ತಿತ್ತು. ಒಂದು ಸಾಲಿನ ಬೆಲೆ 25,000 ಪೌಂಡು!

ಆಕೆಯ ಎರಡನೆಯ ಪ್ರಶ್ನೆಗೆ, ಈಗಲೇ ಬರೆಸಿಕೊಂಡರೆ ಎಂಬುದಕ್ಕೆ, ಉತ್ತರ ‘ಕೂಡದು’. ಅರ್ಜಿಗೆ ಮುಂಚಿನ ಐದು ವರ್ಷಗಳಲ್ಲಿ ಸಾಲಗಾರನು ತನ್ನ ಆಸ್ತಿಯನ್ನು ಪುಕ್ಕಟೆಯಾಗಿಯೋ ಅಗ್ಗವಾಗಿಯೋ ಕೊಟ್ಟಿದ್ದರೆ ಟ್ರಸ್ಟಿ ಅದನ್ನು ಹಿಂದಕ್ಕೆ ಎಳೆಯಬಹುದು. ಕಡೆಯ ಎರಡು ವರ್ಷಗಳಲ್ಲಿ ಕೊಟ್ಟದ್ದಾದರೆ ಅವನು ಆಗ ಸಾಲದಲ್ಲಿ ಮುಳುಗಿದ್ದನೆಂದು ತೋರಿಸುವ ಅಗತ್ಯವೂ ಇಲ್ಲ. ಅದಕ್ಕೂ ಹಿಂದಿನದಾದರೆ ತೋರಿಸಬೇಕು. ಆದರೆ ಹತ್ತಿರದವರಿಗೆ ಕೊಟ್ಟದ್ದಾದರೆ ಮುಳುಗಿದ್ದನೆಂದೇ ಕಾನೂನು ಊಹಿಸುತ್ತದೆ. ವಿನೋದವೇನೆಂದರೆ, ಹಕ್ಕು ಕೊಡುವಾಗ ಸಂಗಾತಿಯನ್ನು ಹೆಂಡತಿಯೆಂದು ಒಪ್ಪದ ಕಾನೂನು, ಈ ಹತ್ತಿರದವರ ಪಟ್ಟಿಯಲ್ಲಿ ಮಾತ್ರ ‘ಜನರ ಕಣ್ಣಿಗೆ ಗಂಡ ಅಥವಾ ಹೆಂಡತಿ’ ಎನಿಸಿದವರನ್ನೂ ಸೇರಿಸಿಕೊಂಡಿದೆ. ಸಾಲ ಕೊಟ್ಟವರನ್ನು ವಂಚಿಸುವುದಕ್ಕೆಂದೇ ಮಾಡಿದ ವರ್ಗಾವಣೆಗಂತೂ ಕಾಯಿದೆಯ 423ನೆಯ ಪ್ರಕರಣದಲ್ಲಿ ಐದು ವರ್ಷದ ಗಡುವೂ ಇಲ್ಲ. ನ್ಯಾಯವಾದ ಬೆಲೆಗೆ ಕೊಂಡರೆ ಬೇರೆ ಮಾತು. ಆದರೆ ಬಿರುಗಾಳಿ ಎದ್ದ ಮೇಲೆ ಮಾಡಿನ ಹೆಂಚನ್ನು ಕಟ್ಟಲು ಹೋಗಬಾರದು ಎಂದು ಆಕೆಗೆ ಬರೆದೆ. ಆತನೂ ಒಪ್ಪಿ ಸುಮ್ಮನಾದನು. ಸ್ವಲ್ಪ ಕಾಲದಲ್ಲಿಯೇ ಆಜ್ಞೆಯಾಯಿತು.

ಇನ್ನು ಮಾರಾಟದ ಪ್ರಶ್ನೆ. ಟ್ರಸ್ಟಿಗೆ ಅರ್ಧ ಪಾಲಿದ್ದರೂ ಅವನು ತಾನಾಗಿ ಮನೆಗೆ ಬೀಗ ಹಾಕಲಾರನು. 1996ರ ಟ್ರಸ್ಟ್ಸ್ ಆಫ್ ಲ್ಯಾಂಡ್ ಕಾಯಿದೆಯ ಮೇರೆಗೆ ನ್ಯಾಯಾಲಯದ ಅಪ್ಪಣೆ ಬೇಡಬೇಕು. ನ್ಯಾಯಾಲಯವು 1986ರ ಕಾಯಿದೆಯಲ್ಲಿ ಸೇರಿಸಿರುವ 335-ಎ ಎಂಬ ಪ್ರಕರಣದ ಪ್ರಕಾರ ತೂಗಿ ನೋಡುತ್ತದೆ. ತಕ್ಕಡಿಯ ಒಂದು ಕಡೆ ಸಾಲ ಕೊಟ್ಟವರ ಹಿತ. ಇನ್ನೊಂದು ಕಡೆ ಹೆಂಡತಿ ಅಥವಾ ಗಂಡನ ನಡತೆ, ಅಗತ್ಯ, ಹಣಕಾಸಿನ ಸ್ಥಿತಿ, ಮಕ್ಕಳ ಅಗತ್ಯ, ಮತ್ತು ಇತರ ಎಲ್ಲ ಸಂದರ್ಭಗಳು. ದಿವಾಳಿಯೆದ್ದವನ ಸ್ವಂತ ಅಗತ್ಯಗಳನ್ನು ಮಾತ್ರ ನೋಡಕೂಡದು. ಈ ಪಟ್ಟಿಯಲ್ಲಿ ಹೆಂಡತಿಯ ಹೆಸರಿದೆ, ಮಕ್ಕಳ ಹೆಸರಿದೆ, ಮದುವೆಯಾಗದ ಸಂಗಾತಿಯ ಹೆಸರಿಲ್ಲ. ಅವಳು ‘ಇತರ ಎಲ್ಲ ಸಂದರ್ಭಗಳು’ ಎಂಬ ಹಿತ್ತಿಲ ಬಾಗಿಲಿನಿಂದ ಒಳಗೆ ಬರಬೇಕು.

ಟ್ರಸ್ಟಿಯ ಕೈಗೆ ಆಸ್ತಿ ಬಂದು ಒಂದು ವರ್ಷ ಕಳೆದ ಮೇಲೆ ತಕ್ಕಡಿ ಒಂದೇ ಕಡೆಗೆ ವಾಲುತ್ತದೆ. ಅಸಾಧಾರಣ ಸಂದರ್ಭವಿದ್ದ ಹೊರತು ಸಾಲ ಕೊಟ್ಟವರ ಹಿತವೇ ಮೇಲೆಂದು ಎಣಿಸಬೇಕು. ಅಸಾಧಾರಣ ಎಂದರೇನು? ಹೆಂಡತಿಮಕ್ಕಳು ಬೀದಿಗೆ ಬೀಳುವುದು, ಮಕ್ಕಳ ಶಾಲೆ ತಪ್ಪುವುದು, ಆ ಹಣದಲ್ಲಿ ಹತ್ತಿರದಲ್ಲೆಲ್ಲೂ ಮನೆ ಸಿಕ್ಕದಿರುವುದು ಇವೊಂದೂ ಅಸಾಧಾರಣವಲ್ಲ, ಸಾಲದ ಜೊತೆಗೆ ಸಹಜವಾಗಿ ಬರುವ ದುಃಖಗಳು ಎಂದು ಸಿಟ್ರೋ ಪ್ರಕರಣದಲ್ಲಿ 1990ರಲ್ಲಿ ಅಪೀಲು ನ್ಯಾಯಾಲಯ ಹೇಳಿಬಿಟ್ಟಿತು. ರೋಗವಾದರೆ ಒಂದು ಸಲ ಕಿವಿಗೊಡುತ್ತಾರೆ. ಮೂತ್ರಪಿಂಡದ ಖಾಯಿಲೆಯೂ ಸಂಧಿವಾತವೂ ಇದ್ದ ಅರವತ್ತು ವರ್ಷದ ಹೆಂಡತಿಯೊಬ್ಬಳ ಪ್ರಕರಣದಲ್ಲಿ ಆಕೆ ಆ ಮನೆಯಲ್ಲಿ ಇರಬಲ್ಲಷ್ಟು ಕಾಲ ಮಾರಾಟವನ್ನು ತಡೆಹಿಡಿದದ್ದುಂಟು. ನನ್ನ ಅಭಿಪ್ರಾಯದಲ್ಲಿ ಸಿಟ್ರೋ ತೀರ್ಪು ತರ್ಕಶುದ್ಧವಾದುದು, ಆದರೆ ತಣ್ಣಗಿನದು. ಸಾಲ ಕೊಟ್ಟ ಮರದ ವರ್ತಕನಿಗೂ ಹೆಂಡತಿಮಕ್ಕಳಿದ್ದಾರೆಂಬುದನ್ನೂ ಮರೆಯತಕ್ಕದ್ದಲ್ಲ.

ಹೀಗಾಗಿ ಆ ಮೊದಲ ವರ್ಷವೇ ಸಂಗಾತಿಯ ಕಾಲ. ಚಿಕ್ಕ ಮಕ್ಕಳಿದ್ದು ಸಾಲಗಾರನೂ ಅವರೊಡನೆ ಅದೇ ಮನೆಯಲ್ಲಿದ್ದರೆ, ತಂದೆತಾಯಿಗೆ ಮದುವೆಯಾಗಿರಲಿ ಬಿಡಲಿ, ನ್ಯಾಯಾಲಯದ ಅಪ್ಪಣೆಯಿಲ್ಲದೆ ಅವನನ್ನು ಹೊರಗೆ ಹಾಕುವಂತಿಲ್ಲ ಎಂಬ ನಿಯಮವೂ 337ನೆಯ ಪ್ರಕರಣದಲ್ಲಿದೆ. ಇದು ಕೊಡುವುದು ಕಾಲಾವಕಾಶವನ್ನು, ಮನೆಯನ್ನಲ್ಲ.

ಇನ್ನೊಂದು ಗಡುವು ಮೂರು ವರ್ಷದ್ದು. ದಿವಾಳಿಯಿಂದ ಬಿಡುಗಡೆ ಸಾಮಾನ್ಯವಾಗಿ ಒಂದು ವರ್ಷಕ್ಕೆ ಆಗುತ್ತದೆ. ಜನ ಅಷ್ಟಕ್ಕೇ ಮನೆಯೂ ಬಿಡುಗಡೆಯಾಯಿತೆಂದು ತಿಳಿದು ಮೋಸಹೋಗುತ್ತಾರೆ. ಹಾಗಲ್ಲ, ಮನೆಯ ಪಾಲು ಟ್ರಸ್ಟಿಯಲ್ಲಿಯೇ ಉಳಿಯುತ್ತದೆ. 2004ರಿಂದ ಜಾರಿಯಲ್ಲಿರುವ ನಿಯಮದಂತೆ ಅವನು ಮೂರು ವರ್ಷದೊಳಗೆ ಮಾರಬೇಕು, ಇಲ್ಲವೆ ನ್ಯಾಯಾಲಯಕ್ಕೆ ಹೋಗಬೇಕು, ಇಲ್ಲವೆ ಒಪ್ಪಂದ ಮಾಡಿಕೊಳ್ಳಬೇಕು. ಏನೂ ಮಾಡದಿದ್ದರೆ ಪಾಲು ಸಾಲಗಾರನಿಗೇ ಮರಳುತ್ತದೆ. ಮನೆಯಿರುವ ಸಂಗತಿಯನ್ನು ಮೂರು ತಿಂಗಳೊಳಗೆ ತಿಳಿಸದೆ ಮುಚ್ಚಿಟ್ಟರೆ ಟ್ರಸ್ಟಿಗೆ ತಿಳಿದ ದಿನದಿಂದ ಎಣಿಕೆ. ಆ ಪಾಲಿನ ಬೆಲೆ 1,000 ಪೌಂಡಿಗೂ ಕಡಿಮೆಯಾದರೆ ಮಾರಾಟದ ಅರ್ಜಿಯನ್ನು ನ್ಯಾಯಾಲಯ ವಜಾಮಾಡಬೇಕೆಂದೂ ಆಗಲೇ ಗೊತ್ತುಮಾಡಿದರು. ಇಲ್ಲಿಯೂ ಮದುವೆಯಾಗದವರಿಗೆ ಒಂದು ಕಂದಕವಿದೆ. ಆ ಮೂರು ವರ್ಷದ ನಿಯಮ ಅನ್ವಯಿಸಬೇಕಾದರೆ ದಿವಾಳಿಯಾದ ದಿನ ಆ ಮನೆ ಸಾಲಗಾರನ ಅಥವಾ ಅವನ ಹೆಂಡತಿಯ, ಮಾಜಿ ಹೆಂಡತಿಯ ಮುಖ್ಯ ವಾಸಸ್ಥಳವಾಗಿರಬೇಕು. ಜಗಳವಾಡಿಕೊಂಡು ಆತನು ಮೊದಲೇ ಮನೆ ಬಿಟ್ಟುಹೋಗಿದ್ದರೆ, ಒಳಗಿರುವ ಸಂಗಾತಿಯ ವಾಸ ಆ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ವಿದ್ಯಾರ್ಥಿನಿಯ ವಿಷಯದಲ್ಲಿ ಬೆಳಕು ಬಂದದ್ದು ಬೇರೊಂದು ದಿಕ್ಕಿನಿಂದ. ಮೂರನೆಯ ಕಾಗದದಲ್ಲಿ ಆಕೆ ಸುಮ್ಮನೆ ಒಂದು ಮಾತು ಬರೆದಿದ್ದಳು: 2019ರಲ್ಲಿ ಆತನ ವ್ಯಾಪಾರಕ್ಕೆಂದು ಮನೆಯ ಮೇಲೆ ಎರಡನೆಯ ಆಧಾರ ಸಾಲವಾಗಿ 30,000 ಪೌಂಡು ಎತ್ತಿದ್ದರು, ತಾನೂ ರುಜು ಹಾಕಿದ್ದೆ ಎಂದು. ಅದನ್ನು ತನ್ನ ದಡ್ಡತನವೆಂದೇ ಭಾವಿಸಿ, ಹೇಳಲು ನಾಚಿಕೊಂಡಿದ್ದಳು. ಈಕ್ವಿಟಿಯಲ್ಲಿ ಹಳೆಯದೊಂದು ನಿಯಮವಿದೆ. ಕೂಡು ಒಡೆತನದ ಆಸ್ತಿಯನ್ನು ಒಬ್ಬನ ಸಾಲಕ್ಕಾಗಿ ಆಧಾರ ಮಾಡಿದಾಗ, ಇನ್ನೊಬ್ಬರು ಜಾಮೀನು ನಿಂತವರಿಗೆ ಸಮಾನ. ಆದ್ದರಿಂದ ಆ ಸಾಲವನ್ನು ಮೊದಲು ಸಾಲ ಮಾಡಿದವನ ಪಾಲಿನಿಂದಲೇ ಮುರಿದುಕೊಳ್ಳಬೇಕು. ಇದಕ್ಕೆ ಎಗ್ಜಾನರೇಷನ್ ಎಂದು ಹೆಸರು, ಹೊರೆಯಿಳಿಸುವಿಕೆ ಎನ್ನಬಹುದು. ಹಣ ಇಬ್ಬರ ಸಂಸಾರದ ಖರ್ಚಿಗೆ ಹೋಗಿದ್ದರೆ ಈ ರಕ್ಷಣೆಯಿಲ್ಲ. ವ್ಯಾಪಾರಕ್ಕೆ ಹೋಗಿದ್ದರೆ ಇದೆ. ವ್ಯಾಪಾರ ಚೆನ್ನಾಗಿ ನಡೆದಿದ್ದರೆ ಹೆಂಡತಿಗೂ ಸುಖವಾಗುತ್ತಿತ್ತಲ್ಲ ಎಂಬ ವಾದವನ್ನು 2017ರಲ್ಲಿ ಅಪೀಲು ನ್ಯಾಯಾಲಯದ ಮುಂದೆ ಒಬ್ಬ ಟ್ರಸ್ಟಿ ಎತ್ತಿದನು. ಅಂಥ ದೂರದ, ಅನಿಶ್ಚಿತವಾದ ಲಾಭ ಸಾಲದೆಂದು ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ಮತ್ತೆ ಲೆಕ್ಕ. ಎರಡು ಸಾಲವನ್ನೂ ಕಳೆದರೆ ಉಳಿಯುವುದು 90,000. ಅರ್ಧಮಾಡಿದರೆ ಟ್ರಸ್ಟಿಗೆ 45,000. ಅವನು ಮೊದಲು ಕೇಳಿದ್ದೂ ಅಷ್ಟನ್ನೇ. ಹೊರೆಯಿಳಿಸುವ ನಿಯಮದಂತಾದರೆ ಮೊದಲು 1,20,000ವನ್ನು ಅರ್ಧಮಾಡಬೇಕು, ತಲಾ 60,000. ಆಮೇಲೆ 30,000ದ ಸಾಲ ಪೂರ್ತಿಯಾಗಿ ಆತನ ಪಾಲಿನಿಂದ. ಟ್ರಸ್ಟಿಗೆ ಉಳಿಯುವುದು 30,000. ಮೂರನೆಯ ಚೌಕದಲ್ಲಿ ಆ ಒಂದು ಸಾಲು ಬರೆದಿದ್ದರೆ 35,000ದಲ್ಲಿ 30,000 ಹೋಗಿ 5,000 ಮಾತ್ರ ಉಳಿಯುತ್ತಿತ್ತು ಎಂಬುದನ್ನು ಓದುಗರೇ ಲೆಕ್ಕಹಾಕಿಕೊಳ್ಳಬಹುದು.

ಅಲ್ಲಿಯ ಸಾಲಿಸಿಟರು ಈ ವಾದವನ್ನು ಎತ್ತುವುದಕ್ಕೆ ಆ 30,000 ಎಲ್ಲಿಗೆ ಹೋಯಿತೆಂಬ ಬ್ಯಾಂಕಿನ ಲೆಕ್ಕ ಬೇಕಾಯಿತು. ಅದೃಷ್ಟಕ್ಕೆ ಆಕೆ ಮೂರು ವರ್ಷದ ಕಾಗದಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಳು. ಹಣ ಬಂದ ವಾರದಲ್ಲಿಯೇ ಒಂದು ಸಾಗಣೆಯ ಗಾಡಿಗೂ ಮರಕ್ಕೂ ಹೋಗಿದ್ದು ಅದರಲ್ಲಿ ಕಾಣಿಸಿತು. ನಾಲ್ಕು ಸಾವಿರ ಪೌಂಡು ಅಡಿಗೆಮನೆಯ ದುರಸ್ತಿಗೆ ಹೋಗಿತ್ತೆಂದು ಟ್ರಸ್ಟಿ ತಕರಾರು ತೆಗೆದನು. ವಿಚಾರಿಸಿದರೆ ಅದು ಗಿರಾಕಿಯೊಬ್ಬರ ಅಡಿಗೆಮನೆ!

ಇದರ ನಡುವೆ ಆಕೆ ಅಡಮಾನದ ಕಂತನ್ನು ಒಂದು ತಿಂಗಳೂ ತಪ್ಪಿಸಲಿಲ್ಲ. ಇದು ಬಹಳ ಮುಖ್ಯ. ಟ್ರಸ್ಟಿಯ ತಕ್ಕಡಿ, ಒಂದು ವರ್ಷ, ಮೂರು ವರ್ಷ ಇವೊಂದೂ ಅಡಮಾನ ಹಿಡಿದ ಬ್ಯಾಂಕಿಗೆ ತಾಗುವುದಿಲ್ಲ. ಇಬ್ಬರೂ ರುಜು ಹಾಕಿದ ಸಾಲವಾದ್ದರಿಂದ ಒಬ್ಬನು ದಿವಾಳಿಯಾದರೆ ಬ್ಯಾಂಕು ಇನ್ನೊಬ್ಬರಿಂದ ಪೂರ್ತಿ ಸಾಲವನ್ನೂ ಕೇಳಬಹುದು. ದಿವಾಳಿಯಾದ ಮೇಲೆ ಆಕೆ ಕಟ್ಟಿದ ಕಂತುಗಳಿಗೆ ಲೆಕ್ಕದಲ್ಲಿ ಜಮೆ ಸಿಕ್ಕುತ್ತದೆ. ಎದುರಾಗಿ ಟ್ರಸ್ಟಿಯು ತನ್ನ ಅರ್ಧದಲ್ಲಿ ಆಕೆ ವಾಸಮಾಡಿದ್ದಕ್ಕೆ ಬಾಡಿಗೆಯನ್ನು ಕೇಳುವುದೂ ಉಂಟು. ಎರಡನ್ನೂ ಒಂದಕ್ಕೊಂದು ವಜಾ ಹಾಕುತ್ತಾರೆ.

ಎರಡನೆಯ ಸಾಲಕ್ಕೆ ರುಜು ಹಾಕಿಸಿಕೊಂಡಾಗ ಸಾಲ ಕೊಟ್ಟ ಕಂಪೆನಿಯು ಆಕೆಗೆ ಬೇರೆಯಾಗಿ ಕಾನೂನು ಸಲಹೆ ಕೊಡಿಸಿತ್ತೆ ಎಂದೂ ನಾನು ಕೇಳಿದ್ದೆ. ಗಂಡನ ಸಾಲಕ್ಕೆ ಹೆಂಡತಿ ಒತ್ತಾಯದಿಂದ ರುಜು ಹಾಕಿದ್ದರೆ ಬ್ಯಾಂಕಿನ ಹಕ್ಕೇ ಬೀಳಬಹುದೆಂದು 1993ರ ಓಬ್ರಿಯನ್ ತೀರ್ಪಿನಲ್ಲಿ ಹೇಳಿದೆ. ಮದುವೆಯಾಗದೆ ಕೂಡಿ ಬಾಳುವವರಿಗೂ ಅದು ಸಲ್ಲುತ್ತದೆ. 2001ರ ಎಟ್ರಿಜ್ ತೀರ್ಪು ಬ್ಯಾಂಕುಗಳು ನಡೆದುಕೊಳ್ಳಬೇಕಾದ ಕ್ರಮವನ್ನು ವಿವರಿಸಿತು. ಆಕೆಗೆ ಸಲಹೆ ಕೊಡಿಸಿದ್ದರು, ಒತ್ತಾಯವೂ ಇರಲಿಲ್ಲ. ಆ ದಾರಿ ಮುಚ್ಚಿತ್ತು.

ಇದೇ ಕಥೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನಡೆದಿದ್ದರೆ ಏನಾಗುತ್ತಿತ್ತು ಎಂದು ವಿದ್ಯಾರ್ಥಿಗಳು ಕೇಳಬಹುದು. ಇಬ್ಬರು ತಮ್ಮತಮ್ಮ ಹಣ ಹಾಕಿ ಕೂಡಿ ಕೊಂಡರೆ, ಬೇರೆ ಕರಾರಿಲ್ಲದಿದ್ದಾಗ, ಹಾಕಿದ ಹಣದ ಪ್ರಮಾಣದಲ್ಲಿ ಪಾಲು ಎಂದು ನಮ್ಮ ಸ್ವತ್ತು ವರ್ಗಾವಣೆ ಕಾಯಿದೆಯ 45ನೆಯ ಪ್ರಕರಣ ಹೇಳುತ್ತದೆ. ಇದು ಇಂಗ್ಲೆಂಡಿನ ಸಮಪಾಲಿನ ಊಹೆಗಿಂತ ನೇರವಾದುದು. ಆದರೆ ಒಬ್ಬರ ಹಣದಿಂದ ಇನ್ನೊಬ್ಬರ ಹೆಸರಿನಲ್ಲಿ ಕೊಂಡರೆ 1988ರ ಬೇನಾಮಿ ಕಾಯಿದೆ ಅಡ್ಡ ಬರುತ್ತದೆ. ಹೆಂಡತಿ ಅಥವಾ ಗಂಡ, ಮಕ್ಕಳು ಇವರ ಹೆಸರಿನಲ್ಲಿ ಕೊಳ್ಳುವುದಕ್ಕೆ ಅದರಲ್ಲಿ ಅಪವಾದವಿದೆ. ಮದುವೆಯಾಗದ ಸಂಗಾತಿಗೆ ಇಲ್ಲ. ಅಲ್ಲಿ ‘ಹಣ ನನ್ನದು, ಹೆಸರು ಮಾತ್ರ ಅವನದು’ ಎಂದು ಈಕ್ವಿಟಿಯ ಬಾಗಿಲು ತಟ್ಟುವವಳು ಇಲ್ಲಿ ಅದೇ ಮಾತಿನಿಂದ ಬೇನಾಮಿಯನ್ನು ಒಪ್ಪಿಕೊಂಡಂತಾಗಬಹುದು. 2005ರ ಕೌಟುಂಬಿಕ ಹಿಂಸೆಯ ಕಾಯಿದೆ ಮದುವೆಯನ್ನು ಹೋಲುವ ಸಂಬಂಧದಲ್ಲಿರುವವಳಿಗೂ ಮನೆಯಲ್ಲಿ ವಾಸದ ಹಕ್ಕನ್ನು ಕೊಡುತ್ತದೆ. ಅದು ಹಿಂಸೆಯ ವಿರುದ್ಧ ಕೊಟ್ಟ ರಕ್ಷಣೆ, ಅದರಿಂದ ಮನೆಯಲ್ಲಿ ಪಾಲು ಹುಟ್ಟುವುದಿಲ್ಲ.

ಇಂಗ್ಲೆಂಡಿನಲ್ಲಿಯೂ ಸಂಗಾತಿಗಳಿಗಾಗಿ ಬೇರೆ ಕಾಯಿದೆ ಬೇಕೆಂದು ಅಲ್ಲಿಯ ಲಾ ಕಮಿಷನ್ 2007ರಲ್ಲಿ ವರದಿ ಕೊಟ್ಟಿತು. ಅದರಂತೆ ಕಾಯಿದೆಯಾಗಲಿಲ್ಲ. ಅಲ್ಲಿಯ ತನಕ ಆ ಹತ್ತನೆಯ ಅಂಕಣವೇ ಅವರ ಕಾಯಿದೆ.

ಆಜ್ಞೆಯಾಗಿ ಹತ್ತು ತಿಂಗಳಾಗಿದ್ದಾಗ ಕೊನೆಯ ಕಾಗದ ಬಂತು. ಟ್ರಸ್ಟಿ ಹೊರೆಯಿಳಿಸುವ ವಾದವನ್ನು ಒಪ್ಪಿದನು. ಮನೆಯನ್ನು ಹರಾಜಿಗೆ ಹಾಕಿದ್ದರೆ ಆಗುತ್ತಿದ್ದ ಖರ್ಚನ್ನು ಮುರಿದು 27,000 ಪೌಂಡಿಗೆ ಆತನ ಪಾಲನ್ನು ಆಕೆಗೇ ಮಾರಿದನು. ಎರಡನೆಯ ಸಾಲವನ್ನು ಇನ್ನು ಆಕೆಯೇ ತೀರಿಸಬೇಕು. 12,000 ಆಕೆಯ ಉಳಿತಾಯ. 15,000 ಊರಿನಿಂದ ಅವಳ ಅಣ್ಣ ಕಳಿಸಿದ್ದು. ಹಾಗಾಗಿ ಅಣ್ಣನಿಗೆ ಎಲ್ಲವನ್ನೂ ಹೇಳಬೇಕಾಯಿತಂತೆ. ಮನೆ ಈಗ ಆಕೆಯೊಬ್ಬಳ ಹೆಸರಿನಲ್ಲಿದೆ. ಆತ ಬೇರೊಬ್ಬರ ಬಳಿ ಕೂಲಿಗೆ ಮರಗೆಲಸ ಮಾಡುತ್ತ ಅಲ್ಲೇ ಇದ್ದಾನೆ. ಅಣ್ಣನ 15,000ಕ್ಕೆ ಅವಳು ಒಂದು ಪತ್ರ ಬರೆದುಕೊಟ್ಟಿದ್ದಾಳೆ, ಅದರ ನಕಲನ್ನು ನನಗೂ ಕಳಿಸಿದ್ದಾಳೆ.